ಗಾಜಿನ ಹಿಂದಿನ ಸಾರಿನ ಪಾತ್ರೆ

ಕಳೆದ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ, ಸ್ಟುಟ್‌ಗಾರ್ಟಿನ ಒಂದು ಮ್ಯೂಸಿಯಂನಲ್ಲಿ, ನಮ್ಮ ಮನೆಯ ಸಾರಿನ ಪಾತ್ರೆ ಗಾಜಿನ ಹಿಂದೆ ನಿಂತಿರುವುದನ್ನು ನಾನು ಮತ್ತು ನನ್ನ ತಂಗಿ ವಿನುತಾ ನೋಡಿದೆವು. ನಮ್ಮದೇ ಅಲ್ಲ, ಅದರ ಒಡಹುಟ್ಟು. ನಮ್ಮದು ಆ ಹೊತ್ತಿನಲ್ಲಿ ಬೊಬ್ಲಿಂಗೆನ್‌ನ ನಮ್ಮ ಅಡುಗೆಮನೆಯಲ್ಲಿ, ತಳದಲ್ಲಿ ಒಂದಿಷ್ಟು ತಿಳಿಸಾರು ಉಳಿಸಿಕೊಂಡು, ತಟ್ಟೆ ಮುಚ್ಚಿಸಿಕೊಂಡು ಕೂತಿತ್ತು. ವಿನುತಾ ಆಗ ಐದು ತಿಂಗಳ ಬಸುರಿ. ಗಾಜಿನ ಕೆಳಗಿದ್ದ ಪುಟ್ಟ ಫಲಕದಲ್ಲಿ ಬರೆದಿದ್ದನ್ನು ನಾನು ಓದಿದೆ, ಅವಳು ಓದಲಿಲ್ಲ. ಮುಂದಿನದೆಲ್ಲ ಅಲ್ಲಿಂದ ಶುರು.

ಚಿತ್ರಕ್ಕಿಂತ ಮೊದಲು ಚಿತ್ರದ ಕೆಳಗಿನ ಸಾಲು ಓದುವುದು ನನ್ನ ಹಳೆಯ ಚಾಳಿ. ಮದುವೆಯಾಗಿ ಇಲ್ಲಿಗೆ ಬರುವ ಮುಂಚೆ ಮೈಸೂರಿನಲ್ಲಿ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತಿದ್ದೆ. ಮಂತ್ರಿಯ ಫೋಟೋ ಕೆಳಗೆ ಆನೆಯ ಹೆಸರು, ಆನೆಯ ಫೋಟೋ ಕೆಳಗೆ ಮಂತ್ರಿಯ ಹೆಸರು ಬರದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿಯ ಒಂದು ಭಾಗ. ದಸರಾ ಸಮಯದಲ್ಲಿ ಅದು ಸಣ್ಣ ಜವಾಬ್ದಾರಿ ಅಲ್ಲ. ಆ ಕೆಲಸ ಬಿಟ್ಟು ಬಹಳ ವರ್ಷವಾದರೂ ಚಾಳಿ ಬಿಟ್ಟಿಲ್ಲ. ಮ್ಯೂಸಿಯಂಗೆ ಹೋದರೆ ಜನ ವಸ್ತು ನೋಡುತ್ತಾರೆ, ನಾನು ಫಲಕ ನೋಡುತ್ತೇನೆ. ನನ್ನ ಗಂಡ ರಾಘು ಇದನ್ನು ಎಲ್ಲರ ಎದುರಿಗೂ ಹೇಳಿ ನಗುತ್ತಾನೆ: "ಇವಳಿಗೆ ಮ್ಯೂಸಿಯಂ ಬೇಡ, ಅದರ ಪಿಡಿಎಫ್ ಸಾಕು."

ಆದರೆ ಸಾರಿನ ಪಾತ್ರೆಯ ವಿಷಯ ಹೇಳಬೇಕಾದರೆ ಮೈಸೂರಿಗೆ ಹೋಗಬೇಕು. ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಒಂದು ಈಯದ ಪಾತ್ರೆ ಇತ್ತು. ನೋಡಿಲ್ಲದವರಿಗೆ ಹೇಳುತ್ತೇನೆ. ಈಯ ಎಂದರೆ ತವರ ಲೋಹ. ಬೆಳ್ಳಿಯೂ ಅಲ್ಲದ, ಅಲ್ಯುಮಿನಿಯಂ ಕೂಡ ಅಲ್ಲದ, ಮೋಡದ ಬಣ್ಣದ ಮೆತ್ತನೆಯ ಪಾತ್ರೆ. ಹೆಬ್ಬೆರಳಿನಿಂದ ಒತ್ತಿದರೆ ಕಂಠ ಸ್ವಲ್ಪ ಬಾಗುತ್ತದೆ. ಅದರಲ್ಲಿ ಮಾಡಿದ ಸಾರಿಗೆ ಬೇರೆ ಯಾವ ಪಾತ್ರೆಯಲ್ಲೂ ಬರದ ಒಂದು ಘಮ ಬರುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ನಂಬುತ್ತಾರೆ ಎಂದು ಡೆಸ್ಕಿನವಳಾಗಿ ಬರೆದೆ. ಮೊಮ್ಮಗಳಾಗಿ ಹೇಳುವುದಾದರೆ, ಬರುತ್ತದೆ. ಬಚ್ಚಲಿನಲ್ಲಿ ಮೈ ಒರೆಸಿಕೊಳ್ಳುತ್ತಿದ್ದಾಗಲೇ ನಮಗೆ ಗೊತ್ತಾಗುತ್ತಿತ್ತು, ಇವತ್ತು ಈಯದ ಸಾರೋ ಸ್ಟೀಲಿನ ಸಾರೋ ಎಂದು.

ಈಯದ ಪಾತ್ರೆಗೆ ಒಂದೇ ನಿಯಮ. ಬರಿದಾಗಿ ಒಲೆಯ ಮೇಲೆ ಇಡಬಾರದು. ಒಳಗೆ ನೀರೋ ಸಾರೋ ಇರಬೇಕು. ಇಲ್ಲದಿದ್ದರೆ ಕರಗುತ್ತದೆ. ನಮ್ಮ ಚಿಕ್ಕಪ್ಪ ಒಂದು ಬೆಳಿಗ್ಗೆ ಸಾರು ಬಿಸಿ ಮಾಡಲು ಪಾತ್ರೆಯನ್ನು ಒಲೆಗೇರಿಸಿ, ಗ್ಯಾಸ್ ಹಚ್ಚಿ, ಸಾರು ಹಾಕುವ ಮೊದಲು ಬಾಗಿಲಲ್ಲಿ ಬಿದ್ದ ಪೇಪರ್ ಎತ್ತಿಕೊಳ್ಳಲು ಹೋದರು. ಮೊದಲ ಪುಟದಲ್ಲಿ ಏನೋ ಇತ್ತು. ಅವರು ವಾಪಸ್ ಬಂದಾಗ ಬರ್ನರ್ ಮೇಲೆ ಪಾತ್ರೆ ಇರಲಿಲ್ಲ. ಒಲೆಯ ತಟ್ಟೆಯಲ್ಲಿ ಒಂದು ಹೊಳೆಯುವ ಇಡ್ಲಿ ಇತ್ತು. ಅಜ್ಜಿ ಬಂದು ನೋಡಿದರು. ಕೂಗಲಿಲ್ಲ. "ಪೇಪರ್ ಓದೋರಿಗೆ ಇನ್ಮೇಲೆ ಮಜ್ಜಿಗೆ" ಎಂದರು, ಅಷ್ಟೇ. ಮುಂದೆ ನಾನು ಪತ್ರಿಕೆಗೆ ಸೇರಿದಾಗ ಮನೆಯವರೆಲ್ಲ ಸಿಹಿ ಹಂಚಿದರೆ ಅಜ್ಜಿ ಮಾತ್ರ, "ಒಲೆ ಮೇಲೆ ಏನಾದ್ರೂ ಇಟ್ಟಿದೀಯೇನೋ ನೋಡ್ಕೊಂಡು ಕೂತ್ಕೋ ತಾಯಿ" ಎಂದಿದ್ದರು.

ಹೊಸ ಪಾತ್ರೆ ತರಲು ಅಜ್ಜಿ ನಮ್ಮಿಬ್ಬರನ್ನೂ ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋದರು. ಆ ಅಂಗಡಿಯ ಪಕ್ಕದ ಗೋಡೆಗೆ ಸುಣ್ಣ ಬಳಿದಿತ್ತು. ಅಜ್ಜಿ ಒಂದೊಂದೇ ಪಾತ್ರೆ ಎತ್ತಿ, ಅಂಚನ್ನು ಗೋಡೆಗೆ ಉಜ್ಜಿ, ಮುಖ ಹತ್ತಿರ ತಂದು ನೋಡಿ, ಕೆಳಗಿಡುತ್ತಿದ್ದರು. ಗೋಡೆಯ ತುಂಬ ಅಂಥವೇ ಬೂದು ಗೆರೆಗಳು. ಅಂಗಡಿಯವನು ಏನೂ ಅನ್ನುತ್ತಿರಲಿಲ್ಲ. ವಿನುತಾ ತಾನೂ ಒಂದು ಪಾತ್ರೆ ತೆಗೆದುಕೊಂಡು ಗೋಡೆಯ ಮೇಲೆ ಬೆಕ್ಕು ಬರೆಯಲು ಹೊರಟಳು, ಅದಕ್ಕೆ ಮಾತ್ರ ಬೈಸಿಕೊಂಡಳು. ಅಜ್ಜಿ ಯಾಕೆ ಉಜ್ಜುತ್ತಾರೆಂದು ನಾವು ಕೇಳಲಿಲ್ಲ. ತೆಂಗಿನಕಾಯಿ ಕೊಳ್ಳುವಾಗ ಅಲ್ಲಾಡಿಸಿ ನೋಡುವ ಹಾಗೆ ಇದೂ ಒಂದು ಎಂದುಕೊಂಡಿದ್ದೆವು.

ಅಜ್ಜಿ ಹೋದ ಮೇಲೆ ಆ ಪಾತ್ರೆ ಚಿಕ್ಕಪ್ಪನ ಮನೆಗೇ ಹೋಯಿತು. ಇದರ ಬಗ್ಗೆ ನಮ್ಮ ಅಮ್ಮನಿಗೆ ಇರುವ ಅಭಿಪ್ರಾಯವನ್ನು ಇಲ್ಲಿ ಬರೆಯುವಂತಿಲ್ಲ.

ಸೆಪ್ಟೆಂಬರ್‌ನಲ್ಲಿ ವಿನುತಾ ಹ್ಯಾನೋವರ್‌ನಿಂದ ಫೋನ್ ಮಾಡಿದಳು. ಅವಳೂ ಗಂಡ ಪ್ರಶಾಂತನೂ ಅಲ್ಲಿದ್ದಾರೆ. ಮೊದಲ ತಿಂಗಳುಗಳ ವಾಂತಿ ನಿಂತು ಹಸಿವು ಶುರುವಾಗಿತ್ತು.

"ಅಕ್ಕಾ, ನಂಗೆ ಸಾರು ಬೇಕು."

"ಮಾಡ್ಕೋ. ಪುಡಿ ಕಳ್ಸಿದೀನಲ್ಲ."

"ಮಾಡ್ದೆ ಕಣೇ. ಸ್ಟೀಲಿಂದು ಅದು. ನಂಗೆ ಅಜ್ಜಿದು ಬೇಕು."

"ಅಜ್ಜಿದು ಚಿಕ್ಕಪ್ಪನ ಮನೇಲಿದೆ."

"ಗೊತ್ತು. ಬೆಳಿಗ್ಗೆ ಮೀಟಿಂಗಲ್ಲಿ ಕೂತಿದ್ದಾಗ ಆ ವಾಸನೆ ಬಂತು. ನಿಜವಾಗ್ಲೂ. ಅಲ್ಲೇ ಅಳು ಬಂತು. ನಮ್ಮ ಟೀಮ್ ಲೀಡ್ ಪಾಪ ಡೆಡ್‌ಲೈನ್‌ಗೆ ಅಳ್ತಿದಾಳೆ ಅಂದ್ಕೊಂಡು ಒಂದು ವಾರ ಮುಂದಕ್ಕೆ ಹಾಕ್ದ."

ಬಸುರಿಯ ಬಯಕೆ ತೀರಿಸುವುದು ಅಮ್ಮನ ಮನೆಯ ಕೆಲಸ. ಅಮ್ಮ ಮಂಡಿಯ ಆಪರೇಷನ್ ಮಾಡಿಸಿಕೊಂಡು ಮೈಸೂರಿನಲ್ಲಿದ್ದರು, ಹೆರಿಗೆಗೆ ಬರುವವರಿದ್ದರು. ಹಾಗಾಗಿ ಜರ್ಮನಿಯ ಮಟ್ಟಿಗೆ ಅಮ್ಮನ ಮನೆ ಎಂದರೆ ನಮ್ಮ ಬೊಬ್ಲಿಂಗೆನ್ ಮನೆ. ಅಕ್ಟೋಬರ್‌ನಲ್ಲಿ ಎರಡು ವಾರ ಬಂದಿರು ಎಂದೆ. ಪಾತ್ರೆಗಾಗಿ ಹುಡುಕಾಡಿದೆ. ಊರಿನಿಂದ ಯಾರೂ ಬರುವವರಿರಲಿಲ್ಲ. ಒಂದು ಶನಿವಾರ ಸ್ಟುಟ್‌ಗಾರ್ಟಿನ ಫ್ಲೋಮಾರ್ಕ್ಟ್‌ನಲ್ಲಿ, ಎಂದರೆ ಹಳೆಯ ಸಾಮಾನಿನ ಸಂತೆಯಲ್ಲಿ, ಒಬ್ಬ ಮುದುಕರ ಮೇಜಿನ ಮೇಲೆ, ಮುರಿದ ಕ್ಯಾಮೆರಾ ಮತ್ತು ಪಿಂಗಾಣಿ ನಾಯಿಯ ನಡುವೆ, ಅಜ್ಜಿಯ ಅಡುಗೆಮನೆಯ ಬಣ್ಣ ಕಂಡಿತು.

ಉದ್ದನೆಯ ಕೊಳವೆಯಂಥ ಪಾತ್ರೆ, ಪಕ್ಕದಲ್ಲಿ ಹಿಡಿ. ಹೊಟ್ಟೆಯ ಮೇಲೆ ದಪ್ಪಕ್ಷರದಲ್ಲಿ ಲೀಟರ್ ಎಂದು ಫ್ರೆಂಚಿನಲ್ಲಿ ಒತ್ತಿತ್ತು. ಕಂಠದ ಸುತ್ತ ಇರುವೆ ಸಾಲಿನಂತೆ ಚಿಕ್ಕ ಚಿಕ್ಕ ಅಕ್ಷರಗಳು. ಫ್ರಾನ್ಸಿನಲ್ಲಿ ವೈನ್ ಅಳೆಯುತ್ತಿದ್ದ ಲೀಟರ್ ಇದು ಎಂದರು ಮುದುಕರು. ವರ್ಷಕ್ಕೊಮ್ಮೆ ಸರ್ಕಾರದವರು ಬಂದು, ಲೀಟರ್ ಇನ್ನೂ ಲೀಟರ್ ಆಗಿಯೇ ಇದೆಯೇ ಎಂದು ಪರೀಕ್ಷಿಸಿ, ಆ ವರ್ಷದ ಅಕ್ಷರ ಒತ್ತಿ ಹೋಗುತ್ತಿದ್ದರಂತೆ. ಅಲ್ಲಿಗೆ ನಾನು ಸೋತೆ. ನಮ್ಮ ಅಜ್ಜಿಯ ಹತ್ತಿರ ಹಿತ್ತಾಳೆಯ ಸೇರು, ಪಾವು, ಚಟಾಕು ಇದ್ದವು. ಅಕ್ಕಿ ಅಳೆಯುವಾಗ ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದರು. ಲಾಭ, ಎರಡು, ಮೂರು. ಅಜ್ಜಿಯ ಸೇರಿನ ಮೇಲೆ ಗೋಪುರ ಏಳುವ ಎತ್ತರ ಮನೆಗೆ ಬಂದ ನೆಂಟರ ಮೇಲೆ ಅವಲಂಬಿಸಿತ್ತು. ವರ್ಷಕ್ಕೊಮ್ಮೆ ಯಾರಾದರೂ ಬಂದು ಪರೀಕ್ಷಿಸಿದ್ದರೆ ಅಜ್ಜಿಗೂ ಸರ್ಕಾರಕ್ಕೂ ಜಗಳವಾಗುತ್ತಿತ್ತು. ಇಲ್ಲಿ ನೋಡಿದರೆ ಒಂದು ಪಾತ್ರೆ ತನ್ನ ಪ್ರಾಮಾಣಿಕತೆಯನ್ನು ವರ್ಷವರ್ಷವೂ ಕಂಠದಲ್ಲಿ ಬರೆಸಿಕೊಂಡಿದೆ. ಡೆಸ್ಕಿನಲ್ಲಿದ್ದವರಿಗೆ ಇದಕ್ಕಿಂತ ದೊಡ್ಡ ಆಮಿಷ ಇಲ್ಲ.

ಮುದುಕರು ಕಾಗದದಲ್ಲಿ ಸುತ್ತಿ ಕೊಡುತ್ತಾ, "ಹೂ ಇಡಲು ಚೆನ್ನಾಗಿರುತ್ತೆ" ಎಂದರು. ಇಂಥ ಪಾತ್ರೆಯಲ್ಲಿ ಹೂ ಇಡುವ ಜನರ ಬಗ್ಗೆ ಎಸ್-ಬಾನ್ ರೈಲಿನಲ್ಲಿ ಬೊಬ್ಲಿಂಗೆನ್ ಬರುವವರೆಗೂ ಮರುಕಪಟ್ಟೆ.

ಮನೆಗೆ ತಂದು, ನಮ್ಮಲ್ಲಿ ಯಾರೇ ಆದರೂ ಮಾಡುವ ಕೆಲಸ ಮಾಡಿದೆ. ಹುಣಸೆಹಣ್ಣು, ಕಲ್ಲುಪ್ಪು ಹಾಕಿ ತಿಕ್ಕಿದೆ. ಕಪ್ಪೆಲ್ಲ ಹೋಗಿ ಒಳಗೂ ಹೊರಗೂ ಚಂದ್ರನಂತಾಯಿತು. ರಾಘು ನೋಡಿ, "ನೂರು ವರ್ಷದ ಕೊಳೆ ತೆಗ್ದಿದೀಯ. ಫ್ರಾನ್ಸ್‌ನವರು ಕೇಸ್ ಹಾಕ್ತಾರೆ" ಎಂದ. ಒಲೆಯ ಮೇಲೆ ಇಡುವ ಧೈರ್ಯ ನನಗಿರಲಿಲ್ಲ, ಚಿಕ್ಕಪ್ಪನ ಇಡ್ಲಿ ಕಣ್ಣ ಮುಂದೆ ಇತ್ತು. ಸ್ಟೀಲಿನಲ್ಲಿ ಕುದಿಸಿ, ಕುದಿಯುವ ಸಾರನ್ನು ಇದಕ್ಕೆ ಬಗ್ಗಿಸಿ, ಇಂಗು ಸಾಸಿವೆ ಒಗ್ಗರಣೆ ಕೊಟ್ಟು ಮುಚ್ಚುತ್ತಿದ್ದೆ. ವಿನುತಾ ಬಂದ ದಿನ ತಟ್ಟೆ ತೆಗೆದು ಮೂಗು ಒಡ್ಡಿ ಕಣ್ಣು ಮುಚ್ಚಿದಳು. "ಅದೇ" ಎಂದಳು. ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಳು. ಮರುದಿನವೂ ಕುಡಿದಳು. ಅವಳ ಮುಖ ತುಂಬಿಕೊಳ್ಳುತ್ತಿದೆ ಎಂದು ನಾನು ಅಮ್ಮನಿಗೆ ಫೋನಿನಲ್ಲಿ ವರದಿ ಕೊಟ್ಟೆ.

ಆ ಭಾನುವಾರ ಅವಳ ರಜೆಯ ಕೊನೆಯ ದಿನ. ಹೊರಗೆ ಜಿಟಿಜಿಟಿ ಮಳೆ. ಜರ್ಮನಿಯಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುವ ದಿನವೂ ಅದೇ, ಆದ್ದರಿಂದ ಎಲ್ಲರಿಗೂ ಏನು ಮಾಡಬೇಕೆಂದು ತಿಳಿಯದ ಒಂದು ಹೆಚ್ಚಿನ ಗಂಟೆ ಇತ್ತು. ರಾಘು ಕಾರಿನ ಸೆನ್ಸರ್‌ಗಳ ಎಂಜಿನಿಯರ್, ಹಳೆಯ ಅಳತೆಯ ಉಪಕರಣ ಎಂದರೆ ಅವನಿಗೆ ದೇವಸ್ಥಾನ. ಮ್ಯೂಸಿಯಂ ಅವನ ಸಲಹೆ. ಅವನು ಬ್ಯಾರೋಮೀಟರುಗಳ ಸಾಲಿನಲ್ಲಿ ನಿಂತುಬಿಟ್ಟ. ನಾವು ಅಕ್ಕತಂಗಿ ಮುಂದಕ್ಕೆ ಬಂದೆವು. ಉಸಿರು ಬಿಟ್ಟರೂ ಅಲುಗುತ್ತದೆಂದು ಗಾಜಿನ ಮನೆಯೊಳಗೆ ಇಟ್ಟ ತಕ್ಕಡಿಗಳು, ಮದ್ಯದ ಕಡುಪು ಅಳೆಯುವ ಗಾಜಿನ ಕಡ್ಡಿಗಳು, ಹಿತ್ತಾಳೆಯ ತೂಕದ ಬೊಟ್ಟುಗಳು. ಅವುಗಳ ಪಕ್ಕದಲ್ಲಿ ಎತ್ತರದ ಪ್ರಕಾರ ನಿಂತ ಬೂದು ಪಾತ್ರೆಗಳ ಸಾಲು. ದೊಡ್ಡದರಿಂದ ಬೆರಳುದ್ದದವರೆಗೆ, ಶಾಲೆಯ ಗ್ರೂಪ್ ಫೋಟೋಕ್ಕೆ ನಿಂತ ಮಕ್ಕಳ ಹಾಗೆ.

"ಅಕ್ಕಾ, ನೋಡೇ, ನಮ್ಮನೆದು."

ಅವಳು ಫೋನ್ ತೆಗೆದು ಫೋಟೋ ಹಿಡಿಯುತ್ತಿದ್ದಳು. ನಾನು ಫಲಕ ಓದುತ್ತಿದ್ದೆ. ದ್ರವ ಅಳೆಯುವ ಪಾತ್ರೆಗಳು, ಫ್ರಾನ್ಸ್, ಹತ್ತೊಂಬತ್ತನೇ ಶತಮಾನ. ತವರ ಮತ್ತು ಸೀಸದ ಮಿಶ್ರಲೋಹ. ಕೆಳಗೆ ಇನ್ನೊಂದು ಸಾಲು: ಸೀಸ ಅಗ್ಗವಾಗಿದ್ದರಿಂದ ಹೆಚ್ಚು ಬೆರೆಸುತ್ತಿದ್ದರು, ಕಾನೂನು ಮಿತಿ ಹಾಕಿತು, ಹುಳಿ ವೈನ್ ಸೀಸವನ್ನು ಕರಗಿಸಿಕೊಳ್ಳುತ್ತದೆ.

ಜರ್ಮನ್ ಭಾಷೆಯಲ್ಲಿ ಸೀಸಕ್ಕೆ ಬ್ಲೈ ಎನ್ನುತ್ತಾರೆ. ಆ ಪದ ನನಗೆ ಗೊತ್ತಿತ್ತು. ಆದರೂ ಫೋನಿನಲ್ಲಿ ಹುಡುಕಿದೆ. ಬೇರೆ ಅರ್ಥವೊಂದು ಇರಬಹುದು ಎಂದು. ಇರಲಿಲ್ಲ.

"ಅಮ್ಮಂಗೆ ಕಳಿಸ್ತೀನಿ" ಎಂದಳು ವಿನುತಾ. "ನಿಮ್ಮ ದೊಡ್ಡ ಮಗಳು ಮ್ಯೂಸಿಯಂ ಪಾತ್ರೇಲಿ ಸಾರು ಮಾಡ್ತಾಳೆ ಅಂತ."

"ಈಗ ಕಳಿಸ್ಬೇಡ."

"ಯಾಕೆ, ಎಂಬಾರ್ಗೋನಾ?" ಸುದ್ದಿಯನ್ನು ಹೇಳಿದ ಹೊತ್ತಿನವರೆಗೆ ತಡೆಹಿಡಿಯುವುದಕ್ಕೆ ನಮ್ಮ ಡೆಸ್ಕಿನ ಪದ ಅದು.

"ಸ್ವಲ್ಪ ತಾಳು ಅಂದ್ನಲ್ಲ."

ಅವಳು ನನ್ನ ಮುಖ ನೋಡಿದಳು. ಕಾಫಿ ಕುಡಿಯೋಣ ಬಾ ಎಂದು ಮಾತು ತಿರುಗಿಸಿದೆ. ನಮ್ಮ ಡೆಸ್ಕಿನ ಮುಖ್ಯಸ್ಥರು ಒಂದು ನಿಯಮ ಇಟ್ಟಿದ್ದರು: ಎರಡು ಕಡೆಯಿಂದ ಖಚಿತವಾಗದೆ ಯಾವ ಸಾವನ್ನೂ ಅಚ್ಚಿಗೆ ಕಳಿಸಬಾರದು. ಒಮ್ಮೆ ಒಬ್ಬ ನಾಟಕದ ಕಲಾವಿದರು ತೀರಿಕೊಂಡರೆಂಬ ಸುದ್ದಿ ಬಂದಾಗ, ಖಚಿತಪಡಿಸಿಕೊಳ್ಳಲು ಅವರ ಮನೆಗೇ ಫೋನ್ ಮಾಡಿದ್ದೆ. ಅವರೇ ಎತ್ತಿಕೊಂಡು, "ಇನ್ನೂ ಇಲ್ಲಮ್ಮ, ಆದ್ರೆ ಹೇಳ್ತೀನಿ" ಎಂದರು. ಅವತ್ತಿನಿಂದ ಎರಡನೆಯ ಮೂಲವಿಲ್ಲದೆ ನಾನು ಬಾಯಿ ಬಿಡುವುದಿಲ್ಲ.

ಎರಡನೆಯ ಮೂಲ ಹುಡುಕುತ್ತಾ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡಿದ್ದ ಕಾವಲುಗಾರ್ತಿಯ ಹತ್ತಿರ ಹೋದೆ. ಈ ಪಾತ್ರೆಗಳಲ್ಲಿ ಊಟ ಮಾಡಿದರೆ ಏನಾಗುತ್ತದೆ ಎಂದು ಕೇಳಿದೆ. ಆಕೆ ಎದ್ದು ನಿಂತರು. ಗಾಜು ಮುಟ್ಟುವ ಹಾಗಿಲ್ಲ ಎಂದರು. ಈ ಪಾತ್ರೆಯಲ್ಲ, ಇಂಥ ಪಾತ್ರೆಯಲ್ಲಿ ಎಂದೆ. ತಾನು ಕಾವಲಿಗೆ ಮಾತ್ರ, ಪ್ರಶ್ನೆಯಿದ್ದರೆ ಮಂಗಳವಾರ ಬೆಳಿಗ್ಗೆ ಫೋನ್ ಮಾಡಬಹುದು ಎಂದರು. ನಾನು ಗಾಜಿನಿಂದ ದೂರ ಸರಿಯುವವರೆಗೂ ನನ್ನ ಕೈಗಳನ್ನೇ ನೋಡುತ್ತಿದ್ದರು.

ಕೊನೆಗೆ ಮನೆಗೆ ಹೋಗುವ ರೈಲಿನಲ್ಲಿ, ಒಂದೇ ಮೂಲವಿಟ್ಟುಕೊಂಡು, ಹೇಳಿದೆ. ಆ ಫಲಕದಲ್ಲಿ ಸೀಸ ಅಂತಿದೆ ಕಣೇ, ಹುಳಿಗೆ ಕರಗುತ್ತೆ ಅಂತಲೂ ಇದೆ, ನಮ್ಮ ಪಾತ್ರೆಯಲ್ಲೂ ಇರಬಹುದು, ಗೊತ್ತಿಲ್ಲ. ಇರಬಹುದು, ಗೊತ್ತಿಲ್ಲ ಎಂಬ ಎರಡು ಮಾತನ್ನು ಡೆಸ್ಕಿನಲ್ಲಿ ನಾನು ಎಷ್ಟು ವರದಿಗಳಿಂದ ಹೊಡೆದುಹಾಕಿದ್ದೆನೋ ಲೆಕ್ಕವಿಲ್ಲ. ಅವತ್ತು ಆ ಎರಡನ್ನೇ ಹಿಡಿದುಕೊಂಡು ಕೂತಿದ್ದೆ.

ವಿನುತಾ ಕಿಟಕಿಯಿಂದ ಹೊರಗೆ ನೋಡಿದಳು. ಜಾಕೆಟ್ಟಿನ ಜಿಪ್ ಮೇಲಕ್ಕೆ ಎಳೆದುಕೊಂಡಳು. ಎರಡು ಸ್ಟೇಷನ್ ಹೋದವು.

"ಹುಣಸೆಹಣ್ಣು ಬೇರೆ" ಎಂದಳು.

"ಹ್ಞೂಂ."

"ಟೊಮೆಟೊನೂ."

"ಹ್ಞೂಂ."

"ಲೋಟಗಟ್ಲೆ ಕುಡಿದಿದೀನಲ್ಲೇ ಅಕ್ಕ."

ಎದುರಿನ ಸೀಟಿನಲ್ಲಿದ್ದ ರಾಘು, ನಾವೂ ತಿಂದಿದ್ದೇವೆ, ನಮಗೇನೂ ಆಗಿಲ್ಲವಲ್ಲ ಎಂದು ಶುರುಮಾಡಿ, ಅವಳ ಹೊಟ್ಟೆಯ ಕಡೆ ನೋಡಿ, ಅರ್ಧಕ್ಕೇ ನಿಲ್ಲಿಸಿದ.

ಮನೆಯ ಬಾಗಿಲು ತೆಗೆಯುವಾಗ ಅಜ್ಜಿಯ ಸುಣ್ಣದ ಗೋಡೆ ನೆನಪಾಯಿತು. ಅಮ್ಮನಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿ ಊಟ ಮುಗಿಸಿ ಧಾರಾವಾಹಿ ನೋಡುತ್ತಿದ್ದರು.

"ಅಮ್ಮ, ಅಜ್ಜಿ ಈಯದ ಪಾತ್ರೆ ತರಕ್ಕೆ ಹೋದಾಗ ಗೋಡೆಗೆ ಯಾಕೆ ಉಜ್ತಿದ್ರು?"

"ಗೆರೆ ಬಿದ್ರೆ ಕಲಬೆರಕೆ ಅಂತ. ಸೀಸ ಸೇರಿಸಿರ್ತಾರಲ್ಲ. ಯಾಕೆ ಈಗ ಅದು?"

"ಸುಮ್ನೆ. ಒಂದು ಪ್ರಬಂಧ ಬರೀತಿದೀನಿ."

"ನಿನ್ನ ಪ್ರಬಂಧಕ್ಕೆ ನಮ್ಮತ್ತೇನೇ ಬೇಕಿತ್ತಾ. ವಿನೂ ಏನ್ ಮಾಡ್ತಿದಾಳೆ?"

"ಮಲಗಿದಾಳೆ" ಎಂದೆ. ವಿನುತಾ ನನ್ನ ಎದುರಿಗೇ ನಿಂತಿದ್ದಳು.

ಪಾತ್ರೆಯಲ್ಲಿದ್ದ ಸಾರನ್ನು ಚೆಲ್ಲಿ, ತೊಳೆದು ಒರೆಸಿ, ಹಜಾರಕ್ಕೆ ತಂದೆ. ಜರ್ಮನಿಯಲ್ಲಿ ಬಾಡಿಗೆ ಮನೆಯಲ್ಲಿದ್ದವರಿಗೆ ಗೋಡೆ ಎಂದರೆ ಏನೆಂದು ಗೊತ್ತು. ತರಿತರಿಯಾದ ಕಾಗದ ಅಂಟಿಸಿ ಬಿಳಿ ಬಣ್ಣ ಬಳಿದ ಗೋಡೆ. ಮನೆ ಬಿಡುವಾಗ ಮಾಲೀಕರು ಟಾರ್ಚ್ ಹಿಡಿದು ನೋಡುತ್ತಾರೆ. ನಮ್ಮ ಮನೆಯಲ್ಲಿ ಕ್ಯಾಲೆಂಡರ್ ಕೂಡ ಅಂಟುಪಟ್ಟಿಯ ಮೇಲೆ ತೂಗುತ್ತದೆ. ನಾನು ಪಾತ್ರೆಯ ಅಂಚನ್ನು ಹಿಡಿದು ಬಾಗಿಲ ಪಕ್ಕದ ಗೋಡೆಗೆ ಒತ್ತಿ ಎಳೆದೆ.

ಗೆರೆ ಬಿತ್ತು. ಗೇಣುದ್ದದ ಕಡುಬೂದು ಗೆರೆ.

"ಸುಮಾ, ಗೋಡೆ" ಎಂದ ರಾಘು.

"ಗೋಡೆ ಇರ್ಲಿ ಬಿಡಿ ಭಾವ" ಎಂದಳು ವಿನುತಾ.

ಎಂಜಿನಿಯರ್ ಸುಮ್ಮನಿರಲಿಲ್ಲ. "ಕಂಟ್ರೋಲ್ ಸ್ಯಾಂಪಲ್ ಇಲ್ದೆ ಏನೂ ಹೇಳಕ್ಕಾಗಲ್ಲ" ಎಂದು ಅಡುಗೆಮನೆಗೆ ಹೋಗಿ ಸ್ಟೀಲ್ ಸೌಟು ತಂದು, ಈ ಗೆರೆಯ ಪಕ್ಕದಲ್ಲೇ ಎಳೆದ. ಅದಕ್ಕೂ ಗೆರೆ ಬಿತ್ತು. ಸ್ವಲ್ಪ ತೆಳು, ಆದರೆ ಗೆರೆಯೇ. ಮೂವರೂ ಎರಡು ಗೆರೆಗಳನ್ನು ನೋಡುತ್ತಾ ನಿಂತೆವು. ಸೌಟಿನಲ್ಲೂ ಸೀಸವಿದೆಯೇ, ಪಾತ್ರೆಯಲ್ಲಿ ಇಲ್ಲವೇ, ಈ ಗೋಡೆ ಏನನ್ನು ಉಜ್ಜಿದರೂ ಬರೆಯುತ್ತದೆಯೇ. ಅಜ್ಜಿಯ ಪರೀಕ್ಷೆ ಸುಣ್ಣದ ಗೋಡೆಗೆ ಹೇಳಿದ್ದು, ಇದು ಪ್ಲಾಸ್ಟಿಕ್ ಬಣ್ಣ. ರಾಘು ಪ್ರಿಂಟರಿನಿಂದ ಬಿಳಿ ಹಾಳೆ ತಂದು ಮೇಜಿನ ಮೇಲಿಟ್ಟ. ಸೌಟು ಎಳೆದ. ಹಾಳೆ ಬಿಳಿಯಾಗಿಯೇ ಇತ್ತು. ಪಾತ್ರೆಯನ್ನು ನನ್ನ ಕೈಗೆ ಕೊಟ್ಟ. ಎಳೆದೆ.

ಪಾತ್ರೆ ಬರೆಯಿತು. ಪೆನ್ಸಿಲ್ಲಿನ ಹಾಗೆ, ಸರಾಗವಾಗಿ. ಬದುಕಿನುದ್ದಕ್ಕೂ ಬರವಣಿಗೆಯ ನಡುವೆ ಇದ್ದವಳಿಗೆ ಅಷ್ಟು ಕೆಟ್ಟ ಸಾಲು ಓದಿದ ನೆನಪಿಲ್ಲ.

ಭಾನುವಾರ ಇಲ್ಲಿ ಅಂಗಡಿಯಿಲ್ಲ, ಆಫೀಸಿಲ್ಲ, ಮಾಮೂಲಿ ಡಾಕ್ಟರಿಲ್ಲ. ವಿಷದ ವಿಚಾರ ಕೇಳಲು ಒಂದು ಸಹಾಯವಾಣಿ ಇದೆ. ಎತ್ತಿಕೊಂಡ ಹೆಂಗಸಿನ ದನಿಯಲ್ಲಿ ಗಾಬರಿ ಇರಲಿಲ್ಲ. ಗರ್ಭಿಣಿಗೆ ಹೊಟ್ಟೆನೋವು ಇದೆಯೇ, ವಾಂತಿ ಇದೆಯೇ ಎಂದು ಕೇಳಿದರು. ಇಲ್ಲ. ಆಹಾರದ ಹೆಸರು ಕೇಳಿದರು. ಸಾರು ಎಂದರೆ ಹುಳಿಯ ಸೂಪ್ ಎಂದೆ. ಬಿಸಿಯಾಗಿತ್ತೇ? ಹೌದು. ಎಷ್ಟು ಹೊತ್ತು ಪಾತ್ರೆಯಲ್ಲಿ ಇರುತ್ತಿತ್ತು? ಊಟ ಮುಗಿಯುವವರೆಗೆ, ಕೆಲವೊಮ್ಮೆ ಸಂಜೆಯವರೆಗೆ. ಎಷ್ಟು ಸಲ?

"ಹಲವು ಸಲ" ಎಂದೆ.

"ಹಲವು ಎಂದರೆ ಎಷ್ಟು?"

ಇದು ನನ್ನ ಪ್ರಶ್ನೆ. ಹಲವರಿಗೆ ಗಾಯ ಎಂದು ಬರೆದು ತಂದ ಎಷ್ಟೋ ವರದಿಗಾರರನ್ನು ನಾನು ಇದೇ ಮಾತಿನಿಂದ ವಾಪಸ್ ಕಳಿಸಿದ್ದೇನೆ. ಈಗ ನನ್ನದೇ ಅಡುಗೆಮನೆ, ನನ್ನದೇ ಕೈ, ನೆನಪಾಗಲಿಲ್ಲ. ವಿನುತಾಳ ಕಡೆ ನೋಡಿದೆ, ಅವಳು ಬೆರಳು ಮಡಿಚಿ ಮಡಿಚಿ ಬಿಟ್ಟಳು. ದಿನ ಬಿಟ್ಟು ದಿನ ಇರಬಹುದು, ಇನ್ನೂ ಹೆಚ್ಚಿರಬಹುದು ಎಂದೆ. ಆಕೆ ಬರೆದುಕೊಂಡರು, ಕೀಲಿಮಣೆಯ ಸದ್ದು ಕೇಳಿಸಿತು. ಪಾತ್ರೆ ಬಳಸುವುದು ನಿಲ್ಲಿಸಿ, ನಾಳೆಯೇ ನಿಮ್ಮ ಡಾಕ್ಟರಿಗೆ ಹೇಳಿ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ನೋಡಿಸಿ, ಹಾಲು ಮೊಸರು ಸರಿಯಾಗಿ ತೆಗೆದುಕೊಳ್ಳಲಿ, ಕಬ್ಬಿಣದ ಮಾತ್ರೆ ಬಿಡದಿರಲಿ ಎಂದರು. ಎಷ್ಟು ಅಪಾಯ ಎಂದು ಕೇಳಿದೆ. ರಕ್ತ ನೋಡದೆ ಹೇಳುವುದಿಲ್ಲ ಎಂದರು. ಅವರ ಜಾಗದಲ್ಲಿದ್ದರೆ ನಾನೂ ಹೇಳುತ್ತಿರಲಿಲ್ಲ. ಆದರೂ ಹೇಳಬಹುದಿತ್ತು ಅನ್ನಿಸಿತು.

ಆ ರಾತ್ರಿ ಊಟಕ್ಕೆ ಮೊಸರನ್ನ. ವಿನುತಾ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದಳು. ಆಮೇಲೆ, "ನಾನೇ ಕೇಳಿದ್ದು ಅಂತ ನೀನು ಯಾರ ಹತ್ರನೂ ಹೇಳ್ಬೇಡ" ಎಂದಳು.

"ತಂದಿದ್ದು ನಾನು."

"ಕುಡಿದಿದ್ದು ನಾನು."

"ಗೋಡೆ ಹಾಳ್ಮಾಡಿದ್ದು ನಾನೂ ಸುಮಾನೂ" ಎಂದ ರಾಘು. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ವಿನುತಾ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು.

ಸೋಮವಾರ ಅವಳು ಹ್ಯಾನೋವರ್‌ಗೆ ಹೋದಳು. ಸ್ಟೇಷನ್‌ನಿಂದ ನೇರವಾಗಿ ಡಾಕ್ಟರ ಹತ್ತಿರ ಪ್ರಶಾಂತ ಕರೆದುಕೊಂಡು ಹೋದ. ರಕ್ತ ತೆಗೆದರು. ಫಲಿತಾಂಶಕ್ಕೆ ಕೆಲವು ದಿನ ಬೇಕು ಎಂದರು. ನಾನೂ ರಾಘುವೂ ಇಲ್ಲಿ ರಕ್ತ ಕೊಟ್ಟೆವು. ಆ ದಿನಗಳಲ್ಲಿ ನಾನು ಸೀಸದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಓದಬಾರದಾಗಿತ್ತು. ಸೀಸ ಎಲುಬಿನಲ್ಲಿ ಹೋಗಿ ಕೂರುತ್ತದಂತೆ, ಬಸುರಿನಲ್ಲಿ ಎಲುಬಿನಿಂದ ಎದ್ದು ಬರುತ್ತದಂತೆ, ಮಗುವಿಗೆ ದಾಟುತ್ತದಂತೆ. ಅಂತೆ ಎಂಬ ಪದವನ್ನೂ ನಾವು ಡೆಸ್ಕಿನಲ್ಲಿ ಬಿಡುತ್ತಿರಲಿಲ್ಲ. ವಿನುತಾ ದಿನಕ್ಕೆ ಎರಡು ಸಲ ಫೋನ್ ಮಾಡಿ ಬೇರೆ ಎಲ್ಲದರ ಬಗ್ಗೆ ಮಾತಾಡುತ್ತಿದ್ದಳು. ಪರದೆಯ ಬಟ್ಟೆ, ಪ್ರಶಾಂತನ ಗೊರಕೆ, ತೊಟ್ಟಿಲು ಸಿಗುವ ಅಂಗಡಿ. ತೊಟ್ಟಿಲು ತಂದಿರಾ ಎಂದರೆ, ನೋಡೋಣ, ಇನ್ನೂ ಟೈಮಿದೆಯಲ್ಲ ಎನ್ನುತ್ತಿದ್ದಳು.

ಮಂಗಳವಾರ ಬೆಳಿಗ್ಗೆ ಮ್ಯೂಸಿಯಂಗೆ ಫೋನ್ ಮಾಡಿದೆ. ಲೋಹದ ವಸ್ತುಗಳನ್ನು ನೋಡಿಕೊಳ್ಳುವ ಒಬ್ಬ ಮಹಿಳೆಗೆ ಫೋನ್ ಕೊಟ್ಟರು. ಪಾತ್ರೆಯನ್ನು ತನ್ನಿ, ನಮ್ಮಲ್ಲಿ ನೋಡುವ ಯಂತ್ರವಿದೆ ಎಂದರು. ಒಯ್ದೆ. ಮೇಜಿನ ಮೇಲೆ ಇಟ್ಟಾಗ ಅವರ ಮುಖ ಬಾಡಿತು.

"ಇದನ್ನು ಏನು ಮಾಡಿದಿರಿ?"

"ತೊಳೆದೆ."

"ಯಾವುದರಲ್ಲಿ?"

ಹುಣಸೆಹಣ್ಣಿಗೆ ಜರ್ಮನ್ ಪದ ಹೇಳಿದೆ. ಅವರು ಪಾತ್ರೆಯನ್ನು, ಆಮೇಲೆ ನನ್ನನ್ನು, ಆಮೇಲೆ ಮತ್ತೆ ಪಾತ್ರೆಯನ್ನು ನೋಡಿದರು. ಸಾರಿನ ವಿಷಯ ಹೇಳಿದ ಮೇಲೆ ಪಾತ್ರೆಯನ್ನು ಬಿಟ್ಟು ನನ್ನನ್ನೇ ನೋಡಿದರು, ಕುರ್ಚಿ ಎಳೆದು ಕೂರಿಸಿದರು. ಕೂದಲು ಒಣಗಿಸುವ ಯಂತ್ರದಂಥದ್ದೊಂದನ್ನು ಪಾತ್ರೆಗೆ ಹಿಡಿದರು. ಅದರ ಪರದೆಯ ಮೇಲೆ ತವರ ಮೊದಲು, ಸೀಸ ಎರಡನೆಯದು. ಎರಡನೆಯದು ಚಿಕ್ಕದಾಗಿರಲಿಲ್ಲ. ಕಂಠದ ಅಕ್ಷರಗಳನ್ನು ತೋರಿಸಿ, ಇಷ್ಟು ವರ್ಷ ಪರೀಕ್ಷೆ ಮಾಡಿದ್ದಾರಲ್ಲ ಎಂದು ಕೇಳಿದೆ. ಸರ್ಕಾರದವರು ನೋಡುತ್ತಿದ್ದದ್ದು ಅಳತೆಯನ್ನು ಮಾತ್ರ ಎಂದರು.

ಶುಕ್ರವಾರ ವಿನುತಾಳ ಫೋನ್ ಬಂತು. ಹಲೋ ಎನ್ನಲಿಲ್ಲ. "ಇದೆ" ಎಂದಳು. ಸಾಮಾನ್ಯವಾಗಿ ಜನರಲ್ಲಿ ಇರುವುದಕ್ಕಿಂತ ಹೆಚ್ಚು ಇದೆ, ಚಿಕಿತ್ಸೆ ಶುರುಮಾಡುವ ಮಿತಿಗಿಂತ ಕಡಿಮೆ ಇದೆ. ಮಗುವಿಗೆ ಎಷ್ಟು ಹೋಗಿದೆ ಎಂದು ಈಗ ಹೇಳಲಾಗುವುದಿಲ್ಲ. ಒಂದು ತಿಂಗಳ ನಂತರ ಮತ್ತೆ ನೋಡುತ್ತಾರೆ, ಹೆರಿಗೆಯಾದಾಗ ಹೊಕ್ಕುಳಬಳ್ಳಿಯ ರಕ್ತವನ್ನೂ ನೋಡುತ್ತಾರೆ. ನಮ್ಮಿಬ್ಬರದೂ ಹೆಚ್ಚುಕಡಿಮೆ ಹಾಗೇ ಬಂತು. ನಮ್ಮದನ್ನು ಯಾರೂ ಎರಡನೆಯ ಸಲ ವಿಚಾರಿಸಲಿಲ್ಲ, ನಾವೂ ವಿಚಾರಿಸಿಕೊಳ್ಳಲಿಲ್ಲ.

ಡಿಸೆಂಬರ್‌ನ ರಕ್ತದಲ್ಲಿ ಕಡಿಮೆಯಾಗಿತ್ತು. ಆಮೇಲೆ ಅಮ್ಮನಿಗೆ ಹೇಳಿದೆವು. ಅಮ್ಮ ಧಾರಾವಾಹಿಯ ಸದ್ದು ನಿಲ್ಲಿಸಿದರು. "ಗೋಡೆಗೆ ಉಜ್ಜಿ ನೋಡ್ಬೇಕಿತ್ತು" ಎಂದರು.

"ನೋಡಿದ್ವಿ ಅಮ್ಮ."

"ತಗೊಳೋಕೆ ಮುಂಚೆ."

ಫ್ಲೋಮಾರ್ಕ್ಟ್‌ನಲ್ಲಿ ಗೋಡೆ ಇರಲಿಲ್ಲ ಎಂಬ ಸಾಲನ್ನು ಹೇಳುವ ಮೊದಲೇ ಹೊಡೆದುಹಾಕಿದೆ. ಜನವರಿಯಲ್ಲಿ ಅಮ್ಮ ಬಂದರು. ಜೊತೆಗೆ ಚಿಕ್ಕಪ್ಪನ ಮನೆಯಿಂದ ಅಜ್ಜಿಯ ಪಾತ್ರೆಯನ್ನು, ಹೇಗೆ ಬಿಡಿಸಿಕೊಂಡರೋ, ಸೀರೆಯಲ್ಲಿ ಸುತ್ತಿ ತಂದರು. ಅದು ಹ್ಯಾನೋವರ್‌ನಲ್ಲಿ ಸೂಟ್‌ಕೇಸಿನಿಂದ ಹೊರಗೆ ಬರಲಿಲ್ಲ. ವಿನುತಾ ನೋಡುವುದೂ ಬೇಡ ಎಂದಳು.

ಮಾರ್ಚ್ ಮೊದಲ ವಾರ ಹೆಣ್ಣು ಮಗು ಹುಟ್ಟಿತು. ಪ್ರಶಾಂತ ಕಳಿಸಿದ ಸಂದೇಶದಲ್ಲಿ ತೂಕ, 'ಇಬ್ಬರೂ ಆರಾಮ' ಎಂಬ ಮಾತು, ಕೊನೆಯಲ್ಲಿ 'ರಕ್ತ ಕಳಿಸಿದ್ದಾರೆ' ಎಂಬ ಮಾತು ಇತ್ತು. ಮುಂದಿನ ಮಂಗಳವಾರ ಮಧ್ಯಾಹ್ನ ವಿನುತಾ ಫೋನ್ ಮಾಡಿದಳು. ಹಿಂದೆ ಅಮ್ಮ ಯಾರಿಗೋ ಬಾಗಿಲು ಹಾಕು ಎಂದು ಹೇಳುತ್ತಿದ್ದದ್ದು ಕೇಳಿಸುತ್ತಿತ್ತು.

"ಅಕ್ಕಾ, ಬಂತು."

"ಎಷ್ಟು?"

"ನಂಬರ್ ಇಲ್ಲ."

"ನಂಬರ್ ಇಲ್ಲ ಅಂದ್ರೇನೇ? ಸರಿಯಾಗಿ ಓದು."

"ಓದಿದೀನಿ. ಡಾಕ್ಟ್ರೂ ಹೇಳಿದ್ರು. ಅವರ ಮಷೀನು ಇಷ್ಟಕ್ಕಿಂತ ಕಮ್ಮಿ ಇದ್ರೆ ಅಳೆಯಲ್ವಂತೆ. ಅದಕ್ಕಿಂತ ಕಮ್ಮಿ."

"ಇನ್ನೊಂದ್ಸಲ ಹೇಳು."

"ಅಳತೆಗೆ ಸಿಗ್ಲಿಲ್ಲ ಅಕ್ಕ."

ಫ್ರೆಂಚ್ ಲೀಟರ್ ನಮ್ಮ ಮನೆಯ ಕಿಟಕಿಯ ಕಟ್ಟೆಯ ಮೇಲೆ ಇದೆ. ಅದರಲ್ಲಿ ಈ ವಾರ ಹಳದಿ ಟ್ಯೂಲಿಪ್ ಹೂಗಳಿವೆ. ಹಜಾರದ ಗೋಡೆಯ ಮೇಲಿನ ಎರಡು ಗೆರೆಗಳು ಹಾಗೆಯೇ ಇವೆ. ಮನೆ ಮಾಲೀಕರು ಮುಂದಿನ ತಿಂಗಳು ಹೀಟರ್ ನೋಡಲು ಬರುವುದಾಗಿ ತಿಳಿಸಿದ್ದಾರೆ.